ಅಯ್ಯಪ್ಪನ ಮಂಡಿಯ ಪಟ್ಟ

ಅಯ್ಯಪ್ಪ ಕೂತಿರುವ ಭಂಗಿಯಲ್ಲಿ ಮಂಡಿಗೆ ಸುತ್ತಿದ ಪಟ್ಟ ನೋಡಿದ್ದೀರಲ್ಲ? ಹಿರಿಯ ಸ್ವಾಮಿಗಳು ಹೇಳುವ ಕಥೆ ಹೀಗಿದೆ. ಪಂದಳದ ರಾಜನಿಗೆ ಮಣಿಕಂಠನಿಗೆ ಪಟ್ಟ ಕಟ್ಟುವ ಆಸೆ. ಮಗ ಸಿಂಹಾಸನ ಬೇಡವೆಂದು ಬೆಟ್ಟದಲ್ಲಿ ತಪಸ್ಸಿಗೆ ಕೂತ. ನೋಡಲು ಬಂದ ತಂದೆಯನ್ನು ಕಂಡು ಏಳಲು ಹೊರಟ. ರಾಜ ತನ್ನ ಉತ್ತರೀಯ ಅವನ ಮಂಡಿಗೆ ಹಾಕಿ, ಕೂತಲ್ಲೇ ಕೂರಿಸಿದ. ಕಟ್ಟಬೇಕೆಂದಿದ್ದ ಪಟ್ಟವೇ ಬೇರೆ, ಕಟ್ಟಿದ ಪಟ್ಟವೇ ಬೇರೆ!

ನಮ್ಮ ರಾಯಪುರಂನಲ್ಲಿ ಇರುಮುಡಿ ಕಟ್ಟುವಾಗ ಕನ್ನಡದ ಹಿರಿಯರೊಬ್ಬರು, "ಮಗನಿಗೊಂದು ಒಳ್ಳೇ ಕೆಲಸ ಸಿಗಲಿ ಅಂತ ಬೇಡ್ಕೊಳ್ಳಿ ಸ್ವಾಮಿ" ಎಂದರು. ಮಗ ಬಿ.ಇ. ಮುಗಿಸಿ ಕಾಸಿಮೇಡು ಬಂದರಿನಲ್ಲಿ ಮೀನು ದೋಣಿಗಳ ಎಂಜಿನ್ ರಿಪೇರಿ ಮಾಡುತ್ತಾನೆ. 1973ರಲ್ಲಿ ಬೆಂಗಳೂರಿನ ಕಂಡಕ್ಟರ್ ಕೆಲಸ ಬಿಟ್ಟು ನಟನೆ ಕಲಿಯಲು ಇದೇ ಊರಿಗೆ ಬಂದ ಶಿವಾಜಿರಾವ್ ರಜನಿಕಾಂತ್ ಆದ ಕಥೆ ಹೇಳಬಹುದಿತ್ತು. ಹೇಳಲಿಲ್ಲ. ಎಲ್ಲರ ಮಕ್ಕಳೂ ರಜನಿ ಆಗುವುದಿಲ್ಲ, ಹೆತ್ತವರ ಭಯ ಅದರಿಂದ ಹೋಗುವುದೂ ಇಲ್ಲ. ತಿರುವಾಭರಣದ ಮಾತು ಹೇಳಿದೆ. ರಾಜ ಮಗನಿಗೆಂದು ಮಾಡಿಸಿದ ಒಡವೆ ಅರಮನೆಯಲ್ಲೇ ಉಳಿಯಲಿಲ್ಲ. ಇಂದಿಗೂ ಸಂಕ್ರಾಂತಿಗೆ ಎರಡು ದಿನ ಮುಂಚೆ ಪಂದಳದಿಂದ ಹೊರಟು, ಕಾಲ್ನಡಿಗೆಯಲ್ಲಿ, ಮಗನಿರುವ ಜಾಗಕ್ಕೇ ಹೋಗುತ್ತದೆ.

ಆದರೆ ಯುವ ಸ್ವಾಮಿಗಳೇ, ಏಳಲು ಹೊರಟದ್ದು ಮಗ. ಅದನ್ನು ಮರೆಯಬೇಡಿ. ಅಪ್ಪ "ಈ ತಿಂಗಳು ಎಷ್ಟು ಬಂತು?" ಎಂದರೆ ಮುಖ ತಿರುಗಿಸದೆ ಲೆಕ್ಕ ಹೇಳಿ. ಮಾಲೆ ಹಾಕಿರುವ ಈ ದಿನಗಳಲ್ಲೇ ಒಮ್ಮೆ ಅಪ್ಪ ಅಮ್ಮನನ್ನು ನೀವು ಕೆಲಸ ಮಾಡುವ ಜಾಗಕ್ಕೆ ಕರೆದುಕೊಂಡು ಹೋಗಿ.

ಸ್ವಾಮಿಯೇ ಶರಣಂ ಅಯ್ಯಪ್ಪ.