ನೌಕೆಯೂ ಮಮಕಾರವೂ

1876ರಲ್ಲಿ ನ್ಯೂಯಾರ್ಕಿನ ಹಾಯಿನೌಕೆಗಳ ಸ್ಪರ್ಧೆಯಲ್ಲಿ ನಥಾನಿಯಲ್ ಹೆರೆಶಾಫ್ ನಿರ್ಮಿಸಿದ ‘ಅಮರಿಲಿಸ್’ ಎಂಬ ಎರಡು ಒಡಲಿನ ನೌಕೆಯು ಒಂದೇ ಒಡಲಿನ ನೌಕೆಗಳನ್ನು ಹಿಂದಿಕ್ಕಿತು. ಸೋತವರು ಆಕ್ಷೇಪಿಸಿದರು, ರೂಢಿಯ ಸ್ಪರ್ಧೆಗಳಿಂದ ಅಂತಹವನ್ನು ಹೊರಗಿಡಲಾಯಿತು. ಒಡೆಯರ ಈ ವಾದವು ಇಂದಿಗೂ ನಿಂತಿಲ್ಲ.

ಎರಡೊಡಲಿನದು ಹೆಚ್ಚು ವಾಲದು, ಆದರೆ ಮಗುಚಿದರೆ ತಾನಾಗಿ ಏಳದು; ಒಂದೊಡಲಿನದು ವಾಲುವುದು, ತಳದ ಭಾರದಿಂದ ಬಹುಮಟ್ಟಿಗೆ ಮತ್ತೆ ನೆಟ್ಟಗಾಗುವುದು. ಯಾವುದನ್ನು ಕೊಂಡರೂ ಮತ್ತೊಂದರ ಗುಣವನ್ನು ಬಿಟ್ಟೇ ಕೊಳ್ಳಬೇಕು. ಮಾಲಿನ ದೋಷವನ್ನು ವರ್ತಕನು ಬೆಲೆಯಲ್ಲಿ ಕಳೆದು ಸುಮ್ಮನಾಗುವನು. ನೌಕೆಯ ಒಡೆಯನಾದರೋ ಮಡದಿ ಮಕ್ಕಳ ಪ್ರಾಣವನ್ನೇ ಅದಕ್ಕೆ ಒಪ್ಪಿಸಿರುವನು. ನೌಕೆಯ ನಿಂದೆಯು ಅವನ ಕಿವಿಗೆ ತನ್ನ ವಿವೇಕದ ನಿಂದೆಯಾಗಿಯೇ ಕೇಳಿಸುವುದು. ಈ ಮಮಕಾರ ಸಹಜವೇ, ನಿರಪಾಯವಲ್ಲ: ದೋಷವನ್ನು ಮೊದಲು ತಿಳಿಯಬೇಕಾದವನೇ ಅದನ್ನು ಕೇಳಲೊಲ್ಲನು. ಅನೇಕ ಎರಡೊಡಲಿನ ನೌಕೆಗಳಲ್ಲಿ ಪಾರಾಗಲು ಕಿಂಡಿಯುಂಟು. ಮಗುಚೀತೆಂದು ಒಪ್ಪಿಕೊಂಡವರು ಇರಿಸಿದ್ದು ಅದು.