ಸಾವಿನ ಪಾಲೆಂದು ಬಿಟ್ಟ ಮರಿಗಳು

ಗಿನಿಕೋಳಿಯ ಮರಿಗಳನ್ನು ಕೊಳ್ಳಲು ಹೋದವರಿಗೂ ಮಾರುವವರಿಗೂ ನಡುವೆ ಮೊದಲು ಬರುವ ಮಾತು ಬೆಲೆಯದು. ಅದರ ಹಿಂದೆಯೇ ಬರುವುದು ಸಾವಿನದು. ಇಪ್ಪತ್ತು ಕೋಳಿ ಬೇಕೆಂದರೆ ಮೂವತ್ತು ಮರಿ ಒಯ್ಯಿರಿ, ಹತ್ತು ಹೇಗೂ ಹೋಗುತ್ತವೆ ಎಂದು ಮಾರುವವರು ಹೇಳುತ್ತಾರೆ. ಕೊಳ್ಳುವವರು ಅದನ್ನು ಹಿತವಚನವೆಂದೇ ಸ್ವೀಕರಿಸುತ್ತಾರೆ. ಈ ಮಾತಿನಲ್ಲಿ ಸುಳ್ಳಿಲ್ಲ, ಮೋಸವೂ ಇಲ್ಲ. ಆದರೂ ನಾವು ಇಲ್ಲಿ ವಿಚಾರಿಸಬೇಕೆಂದಿರುವುದು ಈ ಮಾತನ್ನೇ. ಬುಟ್ಟಿಯೊಳಗೆ ಇನ್ನೂ ಚಿಲಿಪಿಲಿಗುಟ್ಟುತ್ತಿರುವ ಹತ್ತು ಜೀವಗಳನ್ನು ಸಾವಿನ ಪಾಲೆಂದು ಮುಂಗಡವಾಗಿ ಬರೆದಿಟ್ಟು ಕೊಳ್ಳುವುದು ಧರ್ಮವೇ? ಸಾಕಿದ್ದನ್ನು ಕೊಂದು ತಿನ್ನಬಹುದೇ ಎಂಬುದು ಬೇರೆಯದೇ ಪ್ರಶ್ನೆ. ಅದನ್ನು ಕುರಿತು ನಮ್ಮ ನಾಡಿನಲ್ಲಿ ಸಾವಿರ ವರ್ಷಗಳಿಂದ ವಾದ ನಡೆದಿದೆ. ತಿನ್ನುವವರೂ ತಿನ್ನದವರೂ ಒಟ್ಟಿಗೆ ಕುಳಿತು ಯೋಚಿಸಬಹುದಾದ, ಅದಕ್ಕಿಂತ ಚಿಕ್ಕದಾಗಿ ಕಾಣುವ ಪ್ರಶ್ನೆ ನಮ್ಮದು.

ಗಿನಿಕೋಳಿ ಮೂಲತಃ ನಮ್ಮ ನೆಲದ ಹಕ್ಕಿಯಲ್ಲ. ಅದರ ತವರು ಆಫ್ರಿಕಾ. ಬೂದುಬಣ್ಣದ ಮೈಮೇಲೆ ಮುತ್ತು ಚೆಲ್ಲಿದಂತೆ ಬಿಳಿಯ ಚುಕ್ಕೆಗಳು, ಗರಿಯಿಲ್ಲದ ಮುಖ, ನೆತ್ತಿಯ ಮೇಲೆ ಕೊಂಬಿನಂಥ ಗಟ್ಟಿ ಮುಡಿ. ಗ್ರೀಕರ ಪುರಾಣವೊಂದರಲ್ಲಿ ಮೆಲಿಯಾಗರ್ ಎಂಬ ವೀರನು ಸತ್ತಾಗ ಅವನ ಸೋದರಿಯರು ಅತ್ತೂ ಅತ್ತೂ ಕಡೆಗೆ ಈ ಹಕ್ಕಿಗಳಾದರಂತೆ. ಮೈಮೇಲಿನ ಚುಕ್ಕೆಗಳು ಅವರ ಕಣ್ಣೀರಿನ ಹನಿಗಳಂತೆ. ನಮ್ಮ ದೇಶದಲ್ಲಿಯೂ ಇದಕ್ಕೆ ಚೆಂದದ ಹೆಸರುಗಳು ದೊರೆತಿವೆ. ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನ ಸಂಸ್ಥೆಯು ಅಭಿವೃದ್ಧಿಪಡಿಸಿದ ತಳಿಗಳಿಗೆ ಕಾದಂಬರಿ, ಚಿತಂಬರಿ, ಶ್ವೇತಾಂಬರಿ ಎಂದು ಹೆಸರಿಟ್ಟಿದ್ದಾರೆ. ಬೆಳೆದ ಗಿನಿಕೋಳಿ ಬಲು ಗಟ್ಟಿ ಜೀವ. ಬಿಸಿಲನ್ನು ತಾಳುತ್ತದೆ, ಹುಲ್ಲಿನ ಬೀಜ, ಮಿಡತೆ, ಗೆದ್ದಲುಗಳನ್ನು ಆಯ್ದು ತಿಂದು ಹೊಟ್ಟೆ ಹೊರೆದುಕೊಳ್ಳುತ್ತದೆ, ಅಪರಿಚಿತರು ಅಂಗಳಕ್ಕೆ ಕಾಲಿಟ್ಟರೆ ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ರಾಯದುರ್ಗ, ಮಡಕಶಿರಾದಂಥ ಮಳೆ ಕಡಿಮೆಯಾದ ಸೀಮೆಗೆ ಇದು ಹೊಂದುವ ಹಕ್ಕಿಯೇ ಸರಿ.

ಆದರೆ ಬೆಳೆದ ಹಕ್ಕಿ ಎಷ್ಟು ಗಟ್ಟಿಯೋ ಅದರ ಮರಿ ಅಷ್ಟೇ ನಾಜೂಕು. ಮೊದಲ ವಾರ ಅದಕ್ಕೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ಶಾಖ ಸಾಲದಿದ್ದರೆ ಮರಿಗಳು ದೀಪದ ಕೆಳಗೆ ಒಂದರ ಮೇಲೊಂದು ಮುಗಿಬೀಳುತ್ತವೆ, ಅಡಿಯಲ್ಲಿ ಸಿಕ್ಕವು ಉಸಿರುಗಟ್ಟಿ ಸಾಯುತ್ತವೆ. ಹೆಚ್ಚಾದರೆ ದೂರ ಸರಿದು ಬಾಯಿ ತೆರೆದು ಏದುತ್ತವೆ. ಮೈ ನೆನೆದರೆ ಉಳಿಯುವುದು ಕಷ್ಟ. ಬೆಳಗಿನ ಇಬ್ಬನಿ ಸಾಕು, ಅವುಗಳ ಪ್ರಾಣ ತೆಗೆಯಲು. ನೀರಿನ ತಟ್ಟೆ ಸ್ವಲ್ಪ ಆಳವಾಗಿದ್ದರೆ ಅದರಲ್ಲಿಯೇ ಬಿದ್ದು ಮುಳುಗುತ್ತವೆ. ಆದುದರಿಂದ ತಿಳಿದವರು ತಟ್ಟೆಯಲ್ಲಿ ಬೆಣಚುಕಲ್ಲುಗಳನ್ನು ತುಂಬಿ, ಕೊಕ್ಕು ಮಾತ್ರ ಅದ್ದುವಷ್ಟು ನೀರು ಬಿಡುತ್ತಾರೆ. ಹಾಸಿದ್ದು ಬರಿಯ ಪತ್ರಿಕೆಯ ಹಾಳೆಯಾದರೆ ಕಾಲು ಜಾರಿ ಜಾರಿ ಎರಡೂ ಕಡೆಗೆ ಸೀಳಿಕೊಂಡು ಮರಿ ಹೆಳವಾಗುತ್ತದೆ. ಒರಟು ಗೋಣಿಯನ್ನೋ ಹೊಟ್ಟನ್ನೋ ಹಾಸಿದರೆ ಆ ಭಯವಿಲ್ಲ. ಆಹಾರದಲ್ಲಿ ಶೇಕಡಾ 24ರಷ್ಟು ಪ್ರೋಟೀನ್ ಬೇಕು. ಬರಿಯ ನುಚ್ಚನ್ನು ಚೆಲ್ಲಿದರೆ ಮರಿ ತಿನ್ನುತ್ತದೆ, ಆದರೆ ಬೆಳೆಯುವುದಿಲ್ಲ. ಹುತ್ತದ ಗೆದ್ದಲನ್ನು ತಂದು ಕೊಡುತ್ತಿದ್ದ ನಮ್ಮ ಹಿರಿಯರಿಗೆ ಪ್ರೋಟೀನ್ ಎಂಬ ಹೆಸರು ತಿಳಿದಿರಲಿಲ್ಲ. ಮರಿಗೆ ಬೇಕಾದುದೇನೆಂಬುದು ತಿಳಿದಿತ್ತು.

ಇಷ್ಟನ್ನೂ ಇಲ್ಲಿ ವಿವರಿಸಿದ್ದಕ್ಕೆ ಕಾರಣವಿದೆ. ‘ಹತ್ತು ಹೋಗುತ್ತವೆ’ ಎನ್ನುವಾಗ ಅದು ಮಳೆ, ಬಿಸಿಲುಗಳಂತೆ ಯಾರ ಕೈಯಲ್ಲಿಯೂ ಇಲ್ಲದ ಸಂಗತಿಯೆಂಬ ಭಾವನೆ ಹುಟ್ಟುತ್ತದೆ. ಆದರೆ ಹತ್ತೂ ಒಟ್ಟಾಗಿ ಹೋಗುವುದಿಲ್ಲ. ಒಂದು ತಟ್ಟೆಯ ನೀರಿನಲ್ಲಿ, ಒಂದು ಆರಿಹೋದ ದೀಪದಡಿಯಲ್ಲಿ, ಒಂದು ಒದ್ದೆಯಾದ ಹೊಟ್ಟಿನ ಮೇಲೆ, ಹೀಗೆ ಒಂದೊಂದೂ ತನ್ನದೇ ಕಾರಣದಿಂದ ಹೋಗುತ್ತದೆ. ಅವುಗಳಲ್ಲಿ ಹೆಚ್ಚಿನ ಕಾರಣಗಳು ಒಂದು ಹಿಡಿ ಬೆಣಚುಕಲ್ಲಿಗೆ, ಒಂದು ಗೋಣಿಚೀಲಕ್ಕೆ, ರಾತ್ರಿ ಒಮ್ಮೆ ಎದ್ದು ನೋಡುವ ಶ್ರಮಕ್ಕೆ ಬಗ್ಗುವಂಥವು. ಸಾವಿನ ಪಾಲನ್ನು ಮೊದಲೇ ತೆಗೆದಿಟ್ಟವನು ಈ ಕಾರಣಗಳನ್ನು ಹುಡುಕುವುದಿಲ್ಲ. ಮೂರನೆಯ ದಿನ ಎರಡು ಮರಿ ಸತ್ತು ಬಿದ್ದಿದ್ದರೆ ಅವನು ಅವುಗಳನ್ನು ಎತ್ತಿ ಹೊರಗೆ ಹಾಕಿ, ಇನ್ನು ಎಂಟು ಎಂದುಕೊಳ್ಳುತ್ತಾನೆ. ಸಾವು ಬರಬಹುದೆಂದು ತಿಳಿಸಬೇಕಾಗಿದ್ದ ಲೆಕ್ಕವು ಇಲ್ಲಿ ಸಾವಿಗೆ ಒಪ್ಪಿಗೆಯನ್ನೇ ಕೊಟ್ಟಿರುತ್ತದೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು, ಎರಡೂ ತೂಕದವು. ಮೊದಲನೆಯದು, ಪ್ರಕೃತಿಯೇ ಹೀಗೆ ಮಾಡುತ್ತದೆಯಲ್ಲ ಎಂಬುದು. ಗಿನಿಕೋಳಿಯ ಹೇಟೆ ಪೊದೆಯಲ್ಲಿ ಕದ್ದು ಮೊಟ್ಟೆಯಿಟ್ಟು, ಮರಿ ಮಾಡಿ, ಇಬ್ಬನಿ ತುಂಬಿದ ಹುಲ್ಲಿನಲ್ಲಿಯೇ ಅವನ್ನು ನಡೆಸಿಕೊಂಡು ಹೋಗುತ್ತದೆ. ಹಿಂದೆ ಬಿದ್ದವು ಅಲ್ಲಿಯೇ ಉಳಿಯುತ್ತವೆ. ಎರಡನೆಯದು ಬಡವರ ಮಾತು. ಹತ್ತು ಹೋಗಬಹುದೆಂದು ಮುಂದಾಲೋಚನೆ ಮಾಡದ ರೈತನು ಕೈ ಸುಟ್ಟುಕೊಳ್ಳುತ್ತಾನೆ. ಮಳೆಯನ್ನು ನಂಬಿದ ಬದುಕಿಗೆ ನಷ್ಟದ ಲೆಕ್ಕವಿಲ್ಲದೆ ನಡೆಯದು.

ಮೊದಲನೆಯ ಆಕ್ಷೇಪಕ್ಕೆ ಉತ್ತರ ಸುಲಭ. ಹೇಟೆಯು ಮರಿಯನ್ನು ಕೊಂಡದ್ದಲ್ಲ. ತಾಯಿಯಿಂದ ಬೇರ್ಪಡಿಸಿ ಪೆಟ್ಟಿಗೆಯಲ್ಲಿಟ್ಟದ್ದೂ ಅಲ್ಲ. ಪೆಟ್ಟಿಗೆಯಲ್ಲಿಟ್ಟ ಮರಿಗೆ ಶಾಖವೆಂದರೆ ನಾವು ಹಚ್ಚಿದ ದೀಪ, ನೀರೆಂದರೆ ನಾವಿಟ್ಟ ತಟ್ಟೆ. ಅಲ್ಲಿ ಪ್ರಕೃತಿಯ ಸ್ಥಾನದಲ್ಲಿ ನಾವೇ ನಿಂತ ಮೇಲೆ ಪ್ರಕೃತಿಯ ಮೇಲೆ ಹೊಣೆ ಹೊರಿಸುವುದು ನ್ಯಾಯವಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ ಪ್ರಾಣಿಯು ಯಾರ ವಶದಲ್ಲಿದೆಯೋ ಅವರ ಮೇಲೆಯೇ ಅದರ ಯೋಗಕ್ಷೇಮದ ಕರ್ತವ್ಯವನ್ನು ಹೊರಿಸಿದೆ. ಎರಡನೆಯ ಆಕ್ಷೇಪ ಕಠಿಣವಾದುದು. ಮುಂದಾಲೋಚನೆ ತಪ್ಪಲ್ಲ, ಆದರೆ ಮುಂದಾಲೋಚನೆಗೂ ಒಪ್ಪಿಗೆಗೂ ನಡುವೆ ಗೆರೆಯೊಂದಿದೆ. ಅದನ್ನು ಗುರುತಿಸುವ ಪರೀಕ್ಷೆ ಸರಳವಾಗಿದೆ. ನಾವು ಕಾರಣವನ್ನು ಹುಡುಕುವುದು ಮೊದಲನೆಯ ಮರಿ ಸತ್ತಾಗಲೋ, ಹನ್ನೊಂದನೆಯ ಮರಿ ಸತ್ತಾಗಲೋ? ಮೊದಲನೆಯದಕ್ಕೇ ಎದ್ದು ನೋಡುವವನು ಮೂವತ್ತು ಕೊಂಡಿದ್ದರೂ ನಿರ್ದೋಷಿ. ಹನ್ನೊಂದನೆಯದರವರೆಗೆ ಸುಮ್ಮನಿರುವವನು ಹತ್ತನ್ನು ಸಾಯಲಿಕ್ಕೆಂದೇ ಕೊಂಡಂತಾಯಿತು. ಇಬ್ಬರೂ ಕೊಟ್ಟ ಹಣ ಒಂದೇ. ಇಬ್ಬರ ಮನಸ್ಸು ಒಂದೇ ಅಲ್ಲ.

ಮನಸ್ಸಿನ ಈ ವ್ಯತ್ಯಾಸಕ್ಕೆ ಬೆಲೆಯುಂಟೆಂಬುದು ಕನ್ನಡ ಸಾಹಿತ್ಯಕ್ಕೆ ಹೊಸದಲ್ಲ. 1209ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯಲ್ಲಿ ರಾಜನು ಜೀವಬಲಿಗೆ ಒಪ್ಪದೆ, ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಸತ್ತದ್ದು ಹಿಟ್ಟು, ಆದರೂ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳ ಸರಣಿಯಲ್ಲಿ ನೋಯುತ್ತಾರೆ. ಹಿಂಸೆಯು ಕೈಗಿಂತ ಮೊದಲು ಸಂಕಲ್ಪದಲ್ಲಿ ನಡೆಯುತ್ತದೆ ಎಂಬುದು ಆ ಕಾವ್ಯದ ತಿರುಳು. ಪುನರ್ಜನ್ಮವನ್ನು ನಂಬದವರೂ ಈ ತಿರುಳನ್ನು ಒಪ್ಪಬಹುದು. ಉಸಿರಿಲ್ಲದ ಹಿಟ್ಟಿನ ಕೋಳಿಯ ವಿಷಯದಲ್ಲಿಯೇ ಸಂಕಲ್ಪಕ್ಕೆ ಅಷ್ಟು ಭಾರವಿದ್ದರೆ, ಉಸಿರಿರುವ ಹತ್ತು ಮರಿಗಳನ್ನು ಮನಸ್ಸಿನಲ್ಲಿ ಸಾವಿಗೆ ಒಪ್ಪಿಸಿದ ಸಂಕಲ್ಪಕ್ಕೆ ಎಷ್ಟು ಭಾರವಿರಬೇಕು!

ಹಳ್ಳಿಗಳಲ್ಲಿ ಇನ್ನೊಂದು ಪದ್ಧತಿಯಿದೆ. ಗಿನಿಕೋಳಿಯ ಮೊಟ್ಟೆಗಳನ್ನು ನಾಟಿಕೋಳಿಯ ಅಡಿಯಲ್ಲಿ ಕಾವಿಗಿಡುತ್ತಾರೆ. ನಾಟಿಕೋಳಿ ತನ್ನ ಮೊಟ್ಟೆಗಳಿಗೆ ಕಾವು ಕೊಡುವುದು 21 ದಿನ. ಗಿನಿಕೋಳಿಯ ಮೊಟ್ಟೆ ಒಡೆಯಲು 26ರಿಂದ 28 ದಿನ ಬೇಕು. ತನ್ನದಲ್ಲದ ಮರಿಗಳಿಗಾಗಿ ಆ ಹೇಟೆ ಒಂದು ವಾರ ಹೆಚ್ಚಿಗೆ ಕೂರುತ್ತದೆ. ಮರಿಗಳು ಹೊರಬಂದ ಮೇಲೆ ರೆಕ್ಕೆಯಡಿಗೆ ಎಷ್ಟು ಬಂದರೆ ಅಷ್ಟನ್ನೂ ಸೇರಿಸಿಕೊಳ್ಳುತ್ತದೆ. ಅದಕ್ಕೆ ಎಣಿಕೆ ಬಾರದು. ಇಷ್ಟು ಹೋದರೂ ಸರಿ ಎಂಬ ಮೀಸಲೂ ಅದರಲ್ಲಿಲ್ಲ. ಹೇಟೆಯನ್ನು ನೀತಿಗುರುವೆಂದು ಹೊಗಳುವುದು ನಮ್ಮ ಉದ್ದೇಶವಲ್ಲ. ಎಣಿಸಬಲ್ಲ ನಾವು ಎಣಿಕೆಯನ್ನು ಯಾವುದಕ್ಕೆ ಬಳಸುತ್ತೇವೆ ಎಂದು ಕೇಳಿಕೊಳ್ಳಲು ಅದೊಂದು ನೆಪ. ಸಂಜೆ ಗೂಡು ಮುಚ್ಚುವಾಗ ಒಂದು ಕಡಿಮೆಯಿದೆಯೇ ಎಂದು ಎಣಿಸುವುದೂ ಎಣಿಕೆಯೇ. ಕೊಳ್ಳುವಾಗಲೇ ಹತ್ತನ್ನು ಕಳೆದು ಎಣಿಸುವುದೂ ಎಣಿಕೆಯೇ.

ಹಾಗೆಂದು ಸಾಕಿದವನು ಎಲ್ಲ ಸಾವುಗಳಿಗೂ ಹೊಣೆಯಲ್ಲ. ಆರರಿಂದ ಎಂಟು ವಾರ ಗೂಡಿನಲ್ಲಿಯೇ ಇರಿಸಿ, ಇದೇ ನಿನ್ನ ಮನೆಯೆಂದು ಅಭ್ಯಾಸ ಮಾಡಿಸಿದ ಬಳಿಕ ಗಿನಿಕೋಳಿಗಳನ್ನು ಹೊರಗೆ ಬಿಡಲೇಬೇಕು. ಅವು ದೂರ ದೂರ ಮೇಯುತ್ತವೆ. ರಾತ್ರಿ ಗೂಡಿಗಿಂತ ಮರದ ಕೊಂಬೆಯೇ ಅವಕ್ಕೆ ಇಷ್ಟ. ಮುಂಗುಸಿ, ಕಾಡುಬೆಕ್ಕು, ನಾಯಿಗಳ ಬಾಯಿಗೆ ಒಂದೆರಡು ಸಿಕ್ಕಬಹುದು. ಆ ಭಯಕ್ಕಾಗಿ ಜನ್ಮವಿಡೀ ಕೂಡಿಹಾಕಿದರೆ ಹಕ್ಕಿ ಉಳಿಯುತ್ತದೆ, ಹಕ್ಕಿಯ ಬಾಳು ಉಳಿಯುವುದಿಲ್ಲ. ಆ ಅಪಾಯವನ್ನು ನಾವು ಒಪ್ಪುವುದು ಹಕ್ಕಿಯ ಹಿತಕ್ಕಾಗಿ. ಸಾವಿನ ಪಾಲನ್ನು ತೆಗೆದಿಡುವುದು ನಮ್ಮ ನಿದ್ರೆಯ ಹಿತಕ್ಕಾಗಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು.

ಗಡಿಯಲ್ಲಿ ಬಾಳುವ ನಮಗೆ ಈ ವಿಚಾರವು ಕೋಳಿಯ ಗೂಡಿನಲ್ಲಿಯೇ ಮುಗಿಯುವುದಿಲ್ಲ. 1953ರಲ್ಲಿ ಆಂಧ್ರ ರಾಜ್ಯವು ರೂಪುಗೊಂಡಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಸೇರಿದವು. ಉಳಿದವು ಮೈಸೂರಿಗೆ ಬಂದವು. ಎಲ್ಲಿ ಗೆರೆ ಎಳೆದರೂ ಎರಡೂ ಕಡೆ ಕೆಲವರು ಆಚೆಗೆ ಉಳಿಯುತ್ತಾರೆ, ಅದನ್ನು ಅಲ್ಲಗಳೆಯಲಾಗದು. ದೊಡ್ಡ ಲೆಕ್ಕದಲ್ಲಿ ‘ಇಷ್ಟು ಜನ ಹೋಗುತ್ತಾರೆ’ ಎಂಬ ಸಾಲಿನೊಳಗೆ ಬಾಳುವುದು ಹೇಗಿರುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದುದರಿಂದಲೇ ನಮ್ಮ ಕೈಯಲ್ಲಿರುವ ಚಿಕ್ಕ ಲೆಕ್ಕಗಳಲ್ಲಿ ನಾವು ಎಚ್ಚರವಾಗಿರಬೇಕು. ಕನ್ನಡ ತರಗತಿಯಲ್ಲಿ ಹನ್ನೆರಡಿದ್ದ ಮಕ್ಕಳು ಹನ್ನೊಂದಾದಾಗ, ಕಾಲ ಹಾಗಿದೆ, ಒಂದೆರಡು ಹೋಗುವುದು ಸಹಜ ಎಂದು ಸುಮ್ಮನಾದರೆ ಸಾವಿನ ಪಾಲು ತೆಗೆದಿಟ್ಟವನಿಗೂ ನಮಗೂ ಏನು ಭೇದ? ಹೋದ ಮಗುವಿನ ಮನೆಗೆ ಅಂದೇ ಹೋಗಿ ಕಾರಣ ಕೇಳಬೇಕು. ಕಾರಣವು ಪುಸ್ತಕದ ಕೊರತೆಯಾಗಿರಬಹುದು, ದಾರಿಯ ದೂರವಾಗಿರಬಹುದು. ತಟ್ಟೆಯ ಬೆಣಚುಕಲ್ಲಿನಷ್ಟೇ ಸುಲಭವಾಗಿ ಒದಗಿಸಬಹುದಾದ ಇನ್ನಾವುದೋ ಆಗಿರಬಹುದು. ಆರು ಮಕ್ಕಳಷ್ಟೇ ಉಳಿದಾಗ ಸಭೆ ಕರೆದು ಮರುಗುವುದರಿಂದ ಫಲವಿಲ್ಲ.

ಗಿನಿಕೋಳಿ ಸಾಕಬೇಕೆನ್ನುವವರಿಗೆ ನಾವು ಹೇಳಬಹುದಾದದ್ದು ಇಷ್ಟೇ. ಒಂದೆರಡನ್ನು ಕೊಳ್ಳಬಾರದು; ಅದು ಗುಂಪಿನ ಹಕ್ಕಿ, ಒಂಟಿಯಾದರೆ ಕೊರಗುತ್ತದೆ. ದೀಪ, ಗೋಣಿ, ನೀರಿನ ತಟ್ಟೆಗಳನ್ನು ಅಣಿಮಾಡಿದ ಮೇಲೆ ಮರಿಗಳನ್ನು ತರಬೇಕು. ಮರಿ ತಂದ ಮೇಲೆ ದೀಪವನ್ನು ಹುಡುಕಬಾರದು. ಎಷ್ಟನ್ನು ಪ್ರತಿ ಸಂಜೆ ಒಂದೊಂದಾಗಿ ಎಣಿಸಿ ನೋಡಲು ನಮಗೆ ಪುರಸತ್ತು ಇದೆಯೋ ಅಷ್ಟನ್ನೇ ಕೊಳ್ಳಬೇಕು. ಕನ್ನಡದಲ್ಲಿ ‘ಸಾಕು’ ಎಂಬ ಒಂದೇ ಮಾತಿಗೆ ಪೋಷಿಸು ಎಂಬ ಅರ್ಥವೂ ಇದೆ, ಇಷ್ಟೇ ಬೇಕಾದದ್ದು ಎಂಬ ಅರ್ಥವೂ ಇದೆ. ಎಷ್ಟು ಸಾಕು ಎಂದು ಮೊದಲು ತಿಳಿದವನೇ ಚೆನ್ನಾಗಿ ಸಾಕಬಲ್ಲನು. ಅಷ್ಟಾದ ಮೇಲೂ ಒಂದು ಮರಿ ಹೋದರೆ, ಅದು ಹೋಗಬೇಕಾಗಿದ್ದ ಮರಿಯೆಂದು ಹೇಳದೆ, ಏಕೆ ಹೋಯಿತೆಂದು ಕೇಳಬೇಕು. ಸತ್ತ ಮರಿಗೆ ಅದರಿಂದ ಏನೂ ಆಗದು; ಉಳಿದ ಮರಿಗಳಿಗೆ ಆಗುತ್ತದೆ.