ಹೊಸ ಹಾಡು ಬಂದರೆ ಹಳಬರು ಎಲ್ಲಿಗೆ ಹೋಗಬೇಕು?

ಪ್ರಶ್ನೆ: ನಮ್ಮ ಸಭೆಯಲ್ಲಿ ಒಂದು ವರ್ಷದಿಂದ ಭಾನುವಾರದ ಆರಾಧನೆಗೆ ಸಂಗೀತ ಪುಸ್ತಕ ತೆಗೆಯುವುದೇ ಅಪರೂಪವಾಗಿದೆ. ಯೌವನಸ್ಥರು ಗಿಟಾರ್, ಡ್ರಮ್ಸ್ ಇಟ್ಟುಕೊಂಡು ವಾರಕ್ಕೊಂದು ಹೊಸ ಹಾಡು ಹಾಡುತ್ತಾರೆ. ಪದಗಳು ಪರದೆಯ ಮೇಲೆ ಬರುತ್ತವೆ. ನಮ್ಮ ಅತ್ತೆಯವರಿಗೆ 78 ವರ್ಷ, ಪರದೆ ಕಾಣಿಸುವುದಿಲ್ಲ. "ಮೂಕರಂಗ ನಿಂತು ಬರೋದಕ್ಕ ಯಾಕ ಹೋಗ್ಬೇಕು? ಮನ್ಯಾಗ ಪ್ರಾರ್ಥನಾ ಮಾಡ್ತೀನಿ" ಅಂತಾರೆ. ನನ್ನ ಮಗ ಆ ಹಾಡುವ ಗುಂಪಿನಲ್ಲೇ ಇದ್ದಾನೆ. "ಹೊಸಾ ಹಾಡು ಹಾಡ್ರಿ ಅಂತ ಬೈಬಲ್‌ನ್ಯಾಗ ಐತಿ" ಅಂತಾನೆ. ಇಬ್ಬರಲ್ಲಿ ಯಾರು ಸರಿ? ಆರಾಧನೆಯಲ್ಲಿ ಹೊಸ ಹಾಡಿಗೆ ಎಷ್ಟು ಬೆಲೆ ಕೊಡಬೇಕು?
– ಒಬ್ಬ ಸಹೋದರಿ, ಧಾರವಾಡ

ಉತ್ತರ: ಸಹೋದರಿಯವರೇ, ನಿಮ್ಮ ಮಗ ಹೇಳುವ ಮಾತು ಬೈಬಲಿನಲ್ಲಿದೆ. 33, 40, 96, 98, 144, 149 ಹೀಗೆ ಆರು ಕೀರ್ತನೆಗಳಲ್ಲಿ ಹೊಸ ಹಾಡಿನ ಮಾತು ಬರುತ್ತದೆ. ಯೆಶಾಯ 42ರಲ್ಲಿದೆ, ಪ್ರಕಟನೆ 5 ಮತ್ತು 14ರಲ್ಲೂ ಇದೆ. ಹಾಗಾಗಿ ಹೊಸ ಹಾಡು ಬೇಡವೇ ಬೇಡ ಅನ್ನುವ ಅಧಿಕಾರ ಯಾವ ಸಭಾ ಹಿರಿಯರಿಗೂ ಇಲ್ಲ.

ಆದರೆ 40ನೆಯ ಕೀರ್ತನೆಯನ್ನು ಅವನು ಮೊದಲಿಂದ ಓದಲಿ. ಅಲ್ಲಿ ಒಬ್ಬ ಮನುಷ್ಯ ಕೆಸರಿನ ಗುಂಡಿಯಲ್ಲಿ ಬಿದ್ದು ಕಾಯುತ್ತಿದ್ದಾನೆ. ದೇವರು ಅವನನ್ನು ಮೇಲೆತ್ತಿ ಬಂಡೆಯ ಮೇಲೆ ನಿಲ್ಲಿಸುತ್ತಾನೆ. ಹಾಡು ಬಾಯಿಗೆ ಬರುವುದು ಅದರ ನಂತರ. ಹೊಸದಾಗಿ ಸಿಕ್ಕ ಬಿಡುಗಡೆಗೆ ಹೊಸ ಹಾಡು, ಇದು ಅಲ್ಲಿಯ ಕ್ರಮ. ಹೋದ ತಿಂಗಳು ಬಿಡುಗಡೆಯಾದ ಆಲ್ಬಮ್ ಅಂತ ಅರ್ಥ ಅಲ್ಲ. ಇನ್ನೂ ಒಂದು ಸ್ವಾರಸ್ಯ ನೋಡಿ. ಹೊಸ ಹಾಡು ಹಾಡಿರಿ ಅನ್ನುವ 96ನೆಯ ಕೀರ್ತನೆಯ ಬಹುಪಾಲು 1 ಪೂರ್ವಕಾಲವೃತ್ತಾಂತ 16ರಲ್ಲಿಯೂ ಇದೆ, ಬೇರೆ ಎರಡು ಕೀರ್ತನೆಗಳ ಭಾಗಗಳ ಜೊತೆಗೆ ಸೇರಿಕೊಂಡು. ಅಂದರೆ ಆ ಕಾಲದಲ್ಲಿಯೇ ಅದು ಮತ್ತೆ ಮತ್ತೆ ಹಾಡುವ ಹಾಡಾಗಿತ್ತು. ಹೊಸದನ್ನು ಹಾಡಲು ಕರೆಯುವ ಕೀರ್ತನೆಗೇ ಈಗ ಎರಡು ಸಾವಿರ ವರ್ಷ ದಾಟಿದೆ, ನಾವು ಇನ್ನೂ ಅದನ್ನು ಬಿಟ್ಟಿಲ್ಲ!

ಇನ್ನು ಹಿರಿಯರ ಕಡೆಗೆ ಬರೋಣ. ಗಿಟಾರ್ ಕಂಡರೆ ಮುಖ ಗಂಟಿಕ್ಕುವವರು ಕ್ರಿಸ್ಮಸ್ ರಾತ್ರಿ ಕಣ್ಣು ಮುಚ್ಚಿ ಹಾಡುವ 'ಸೈಲೆಂಟ್ ನೈಟ್' ಇದೆಯಲ್ಲ, ಅದನ್ನು ಮೊದಲ ಸಲ ಹಾಡಿದ್ದು 1818ರ ಡಿಸೆಂಬರ್ 24ರಂದು ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಿನ ದೇವಾಲಯದಲ್ಲಿ, ಗಿಟಾರ್ ಜೊತೆಗೇ. ನಮ್ಮ ಸಂಗೀತ ಪುಸ್ತಕವಾದರೂ ಆಕಾಶದಿಂದ ಬಿದ್ದದ್ದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಜರ್ಮನ್ ರಾಗಗಳಿಗೆ ಕನ್ನಡ ಪದ ಕೂಡಿಸಿದರು. ಕನ್ನಡದ ಹ್ರಸ್ವ ದೀರ್ಘಗಳು ಆ ರಾಗದ ಅಳತೆಗೆ ಸಿಕ್ಕಿ ಎಷ್ಟು ಕಡೆ ಎಳೆದಾಡಿವೆ ಎಂಬುದು ಹಾಡುವವರಿಗೆ ಗೊತ್ತು. ನಿಘಂಟಿನ ಕಿಟ್ಟೆಲ್ ಅವರು ಬೇರೆ ದಾರಿ ಹಿಡಿದು, 1862ರಲ್ಲಿ ಯೇಸುಸ್ವಾಮಿಯ ಚರಿತ್ರೆಯನ್ನು ನಮ್ಮ ನಾಡಿನ ಛಂದಸ್ಸಿನಲ್ಲಿಯೇ 'ಕಥಾಮಾಲೆ'ಯಾಗಿ ಬರೆದರು. ನಮಗೆ ಈಗ ಅಜ್ಜಿಯ ಸೆರಗಿನಷ್ಟು ಹತ್ತಿರವಾದ ಈ ರಾಗ, ಪದಗಳೆಲ್ಲ ಒಂದು ಕಾಲಕ್ಕೆ ಹೊಸಾವೇ.

ಹಾಗಾದರೆ ಎರಡೂ ಒಂದೇ, ಯಾರಿಗೆ ಬೇಕಾದ್ದು ಅವರು ಹಾಡಲಿ ಅಂದುಬಿಡೋಣವೇ? ಹಾಗಂದರೆ ಅತ್ತೆಯವರ ಮಾತನ್ನು ನಾವು ಕೇಳಿಸಿಕೊಳ್ಳಲಿಲ್ಲ ಅಂತಾಯಿತು. ಅವರು ರಾಗ ಚೆನ್ನಾಗಿಲ್ಲ ಅನ್ನುತ್ತಿಲ್ಲ, "ಮೂಕರಂಗ ನಿಂತು ಬರ್ತೀನಿ" ಅನ್ನುತ್ತಿದ್ದಾರೆ. ಇದು ರುಚಿಯ ಪ್ರಶ್ನೆ ಅಲ್ಲ. 1 ಕೊರಿಂಥ 14ರಲ್ಲಿ ಪೌಲನು ಕೇಳುವುದೂ ಇದನ್ನೇ. ಒಬ್ಬನು ಎಷ್ಟೇ ಚೆನ್ನಾಗಿ ಸ್ತೋತ್ರ ಮಾಡಲಿ, ಪಕ್ಕದಲ್ಲಿ ನಿಂತ ಸಾಮಾನ್ಯನಿಗೆ ಅದು ತಿಳಿಯದೆ ಹೋದರೆ ಅವನು ಆಮೆನ್ ಅನ್ನುವುದು ಹೇಗೆ? ಕೂಡಿಬಂದಾಗ ಒಬ್ಬೊಬ್ಬರೂ ಹಾಡು ತರಬಹುದು, ಆದರೆ ತಂದದ್ದೆಲ್ಲ ಸಭೆಯನ್ನು ಕಟ್ಟಬೇಕು ಎಂದು ಅದೇ ಅಧ್ಯಾಯದಲ್ಲಿ ಇದೆ. ಈ ಅಳತೆ ಹೊಸದಕ್ಕೂ ಹಳೆಯದಕ್ಕೂ ಒಂದೇ. ಅರ್ಥವಾಗದ ಹಳೆಗನ್ನಡದ ಪದಗಳನ್ನು ಮಕ್ಕಳು ಗಿಣಿಯ ಹಾಗೆ ಒಪ್ಪಿಸುತ್ತಿದ್ದರೆ ಅಲ್ಲಿಯೂ ಅರ್ಧ ಸಭೆ ಮೂಕವೇ.

ಹೊಸ ಹಾಡು ಹೇಗೆ ಬರಬೇಕು ಎಂಬುದಕ್ಕೆ ಜಾನ್ ನ್ಯೂಟನ್ ಅವರನ್ನು ನೆನೆಯಬಹುದು. ಇಂಗ್ಲೆಂಡಿನ ಓಲ್ನಿ ಎಂಬ ಸಣ್ಣ ಊರಿನಲ್ಲಿ ಅವರು ಸಭಾಪಾಲಕರು. ಲೇಸ್ ಹೆಣೆದು ಹೊಟ್ಟೆ ಹೊರೆಯುವ ಬಡವರ ಊರು ಅದು. ಅಲ್ಲಿಯ ಪ್ರಾರ್ಥನಾ ಕೂಟಗಳಿಗೆ, ತಾವು ಬೋಧಿಸುವ ವಚನಕ್ಕೆ ತಕ್ಕಂತೆ, ಅವರು ಹಾಡು ಕಟ್ಟುತ್ತಿದ್ದರು. ಲೋಕಕ್ಕೆಲ್ಲ ಗೊತ್ತಿರುವ 'ಅಮೇಜಿಂಗ್ ಗ್ರೇಸ್' 1773ರ ಹೊಸವರ್ಷದ ದಿನಕ್ಕೆಂದು ಹಾಗೆ ಹುಟ್ಟಿದ್ದು. ನಾವು ಈಗ ಹಾಡುವ ರಾಗ ಅದಕ್ಕೆ ಕೂಡಿದ್ದು 1835ರಲ್ಲಿ, ಅಮೆರಿಕದಲ್ಲಿ. ಮುಂದೆ ಹೆಸರಾದದ್ದು ಬೇರೆ ಮಾತು. ನ್ಯೂಟನ್ ಬರೆದದ್ದು ಎದುರಿಗೆ ಕೂತ ಜನರ ಬಾಯಿಗೆ. ನಿಮ್ಮ ಮಗನ ಗುಂಪು ಹಾಡು ಆರಿಸುವಾಗ ಎದುರಿಗೆ ಯಾರು ಕೂತಿರುತ್ತಾರೆ ಅಂತ ನೋಡುತ್ತದೆಯೇ?

ಹೊಸ ಹಾಡುಗಳಲ್ಲಿ ಒಂದೇ ಸಾಲು ಹತ್ತು ಸಲ ಬರುತ್ತದೆ ಎಂದು ದೂರುವವರಿದ್ದಾರೆ. ಅದು ದೊಡ್ಡ ತಪ್ಪೇನಲ್ಲ, 136ನೆಯ ಕೀರ್ತನೆಯಲ್ಲಿ 26 ವಚನಗಳಿಗೂ ಒಂದೇ ಪಲ್ಲವಿ. ನನಗೆ ಕೊರತೆ ಕಾಣುವುದು ಬೇರೆ ಕಡೆ. ಇವುಗಳಲ್ಲಿ ಬಹಳಷ್ಟು ಜಯ, ಸಂತೋಷ, ಆಶೀರ್ವಾದ, ಇಷ್ಟೇ. ಹೋದ ವಾರ ಮಣ್ಣು ಮಾಡಿ ಬಂದವರು ಏನು ಹಾಡಬೇಕು? ಕೀರ್ತನೆಗಳ ಪುಸ್ತಕದಲ್ಲಿ ಅಳುವ ಕೀರ್ತನೆಗಳು ಎಷ್ಟೊಂದು! 88ನೆಯದಂತೂ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಯೌವನಸ್ಥರು ಹೊಸದಾಗಿ ಬರೆಯುವುದಿದ್ದರೆ ಇಂಥದೊಂದನ್ನು ಬರೆಯಲಿ, ಅದಕ್ಕೆ ಯಾವ ಹಿರಿಯರೂ ಬೇಡ ಅನ್ನಲಾರರು.

ಹಳೆಯ ಹಾಡಿಗೆ ಒಂದು ಶಕ್ತಿ ಇದೆ, ಹೊಸದಕ್ಕೆ ಅದು ಕೂಡಲೇ ಬರುವುದಿಲ್ಲ. ತಮ್ಮನ್ನು ಹಿಡಿದುಕೊಟ್ಟ ಆ ರಾತ್ರಿಯೇ ಯೇಸುಸ್ವಾಮಿ ಶಿಷ್ಯರ ಸಂಗಡ ಹಾಡಿ ಎಣ್ಣೇಮರಗಳ ಗುಡ್ಡಕ್ಕೆ ಹೊರಟರು ಎಂದು ಮತ್ತಾಯ 26ರಲ್ಲಿ ಓದುತ್ತೇವೆ. ಪಸ್ಕದ ಊಟದ ಕೊನೆಗೆ ಯೆಹೂದ್ಯರು ಹಾಡುವ 115ರಿಂದ 118ರ ತನಕದ ಕೀರ್ತನೆಗಳೇ ಅವು ಇರಬೇಕು ಎನ್ನುವುದು ಅನೇಕ ವ್ಯಾಖ್ಯಾನಕಾರರ ಅಭಿಪ್ರಾಯ. ಅಂಥ ರಾತ್ರಿಯಲ್ಲಿ ಯಾರೂ ಹೊಸ ಹಾಡು ಕಲಿಯಲು ಕೂರುವುದಿಲ್ಲ, ಬಾಯಿಪಾಠ ಇದ್ದದ್ದೇ ಬಾಯಿಗೆ ಬರುತ್ತದೆ. ವಾರಕ್ಕೊಂದು ಹಾಡು ಬದಲಾಯಿಸುವ ಸಭೆಯ ಮಕ್ಕಳಿಗೆ 78ನೆಯ ವಯಸ್ಸಿನಲ್ಲಿ ಪರದೆ ಕಾಣದೆ ಹೋದಾಗ ಬಾಯಿಗೆ ಏನು ಬಂದೀತು? ಮಗನಿಗೆ ಇದೊಂದನ್ನು ಕೇಳಿ ನೋಡಿ, ಜಗಳದ ಧ್ವನಿಯಲ್ಲಿ ಬೇಡ.

ಮಾಡಬೇಕಾದ್ದು ಹೆಚ್ಚೇನಿಲ್ಲ. ವಾರಕ್ಕೊಂದರ ಬದಲು ತಿಂಗಳಿಗೆ ಒಂದು ಹೊಸ ಹಾಡು ಸಾಕು. ಆರಾಧನೆಗೆ ಮುಂಚೆ ಹತ್ತು ನಿಮಿಷ ಸಭೆಗೆ ಅದನ್ನು ಕಲಿಸಲಿ, ನಾಲ್ಕು ವಾರವೂ ಅದನ್ನೇ ಹಾಡಲಿ. ಹಿರಿಯರಿಗೆ ದಪ್ಪ ಅಕ್ಷರದಲ್ಲಿ ಕಾಗದದ ಮೇಲೆ ಪದ ಅಚ್ಚು ಹಾಕಿಸಿ ಹಿಂದಿನ ಭಾನುವಾರವೇ ಕೊಡಲಿ. ಸಭೆ ಹಾಡುವಾಗ ಡ್ರಮ್ಸ್ ಸ್ವಲ್ಪ ತಗ್ಗಲಿ, ಜನರ ಧ್ವನಿ ಜನರಿಗೆ ಕೇಳಬೇಕು. ಪ್ರತಿ ಭಾನುವಾರ ಸಂಗೀತ ಪುಸ್ತಕದಿಂದ ಎರಡಾದರೂ ಇರಲಿ. ಇದನ್ನೆಲ್ಲ ನಿಮ್ಮ ಅಯ್ಯನವರ ಹತ್ತಿರ ಮಗನೇ ಹೋಗಿ ಮಾತಾಡಲಿ, ನೀವು ದೂರು ಕೊಟ್ಟ ಹಾಗೆ ಆಗಬಾರದು.

ಅತ್ತೆಯವರಿಗೂ ಒಂದು ಮಾತು ಹೇಳಿ. ಮನೆಯಲ್ಲಿ ಪ್ರಾರ್ಥನೆ ಮಾಡಲಿ, ಬಹಳ ಒಳ್ಳೆಯದು, ಆದರೆ ದೇವಾಲಯ ಬಿಡುವುದು ಬೇಡ. 71ನೆಯ ಕೀರ್ತನೆಯ ಮುದುಕ ಬೇಡಿಕೊಳ್ಳುವುದು ಮುಂದಿನ ತಲೆಮಾರಿಗೆ ಹೇಳಿಕೊಡುವ ತನಕ ಕೈಬಿಡಬೇಡ ಅಂತ. ನಮ್ಮಲ್ಲಿ ಅನೇಕರ ಕೈಯಲ್ಲಿರುವ ಸಂಗೀತ ಪುಸ್ತಕದಲ್ಲಿ ಪದಗಳಷ್ಟೇ ಇವೆ, ರಾಗ ಇರುವುದು ಇವರಂಥವರ ಗಂಟಲಿನಲ್ಲಿ. ಇವತ್ತು ಸಂಜೆ ಮೊಮ್ಮಗ ಫೋನ್ ಹಿಡಿದು ಅಜ್ಜಿಯ ಪಕ್ಕ ಕೂತು, ಅವರಿಗೆ ಬರುವ ಹಾಡುಗಳನ್ನು ಒಂದೊಂದಾಗಿ ರೆಕಾರ್ಡ್ ಮಾಡಿಕೊಳ್ಳಲಿ. ಗಿಟಾರಿನಲ್ಲಿ ನುಡಿಸಲು ಯಾವುದು ಸುಲಭ ಅಂತ ಅವನೇ ಆರಿಸಲಿ. ಬದಲಿಗೆ ಅವನು ಕಲಿಸುವ ಒಂದು ಹೊಸ ಹಾಡಿನ ಪಲ್ಲವಿಯನ್ನಾದರೂ ಅಜ್ಜಿ ಕಲಿಯಲಿ.